ಪದ್ಮಾವತಿ ನೀರಿಗಿಳಿದದ್ದು

ವಡೋದರಾದಲ್ಲಿ ವಿಶ್ವಾಮಿತ್ರಿ ನದಿಯ ಸೇತುವೆಯ ಮೇಲೆ ಸಾಲಾಗಿ ಸ್ಕೂಟರುಗಳು ನಿಂತಿದ್ದರೆ ಊರಿನವರು ಯಾಕೆಂದು ಕೇಳುವುದಿಲ್ಲ. ಕೆಳಗೆ ಕೆಸರಿನ ದಂಡೆಯ ಮೇಲೆ ಮೊಸಳೆ ಬಿಸಿಲು ಕಾಯಿಸುತ್ತ ಬಿದ್ದಿರುತ್ತದೆ. ಅಪ್ಪಂದಿರು ಮಕ್ಕಳನ್ನು ಎತ್ತಿ ತೋರಿಸುತ್ತಾರೆ, ಹುಡುಗಿಯರು ಫೋಟೊ ತೆಗೆಯುತ್ತಾರೆ, ಕಡಲೆಕಾಯಿ ಮಾರುವವನಿಗೆ ಒಂದಿಷ್ಟು ವ್ಯಾಪಾರ. ಪದ್ಮಾವತಿ ಮಾತ್ರ ಆ ಸೇತುವೆ ಬಂದಾಗಲೆಲ್ಲ ಗಂಡನ ಬೆನ್ನಿಗೆ ಹಣೆ ಒತ್ತಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

"ಅದು ಅಲ್ಲೆ ಕೆಳಗ ಮಲಗೇದ. ನಿನಗೇನ್ ಮಾಡ್ತದ?" ಎಂದು ಭೀಮಸೇನ ನಗುತ್ತಿದ್ದ.

ಅವಳಿಗೆ ಮೊಸಳೆಯ ಹೆದರಿಕೆ ಅಷ್ಟಿರಲಿಲ್ಲ. ಅದು ಕಣ್ಣಿಗಾದರೂ ಬೀಳುತ್ತದೆ. ಹೆದರಿಕೆ ಇದ್ದದ್ದು ಅದರ ಪಕ್ಕದಲ್ಲಿ ಸದ್ದಿಲ್ಲದೆ ಹರಿಯುತ್ತಿದ್ದ ಹಸಿರುಗಪ್ಪು ನೀರಿನದು. ಚಿಕ್ಕವಳಿದ್ದಾಗ ಮುಧೋಳದಲ್ಲಿ, ಘಟಪ್ರಭೆಯ ಮೆಟ್ಟಿಲ ಮೇಲೆ ಕೂತು ಅವಳು ಅಣ್ಣ ಈಜುವುದನ್ನು ನೋಡುತ್ತಿದ್ದಳು. ಅಜಯ ಚೆನ್ನಾಗಿ ಈಜು ಬಲ್ಲವನು. ಕೈ ಎತ್ತಿ ಅವಳಿಗೆ ಏನೋ ಹೇಳಿದ, ಮುಳುಗಿದ, ಅಷ್ಟೇ. ಅವನು ಇದ್ದ ಜಾಗದಲ್ಲಿ ಒಂದೆರಡು ಬಳೆಯಂಥ ಅಲೆ ಎದ್ದು ಆರಿಹೋದವು. ಹೊಳೆ ಏನೂ ಆಗದ ಹಾಗೆ ಹರಿಯಿತು. ದೊಡ್ಡವರು ಓಡಿಬರುವ ತನಕ ಅವಳು ಅಲ್ಲೇ ಕೂತಿದ್ದಳು, ಅವನು ಮೇಲೆ ಬಂದಾನು ಎಂದು.

ಅಂದಿನಿಂದ ಅವಳು ತಲೆಯ ಮೇಲೆ ನೀರು ಸುರಿದುಕೊಂಡವಳಲ್ಲ. ಕೂದಲು ತೊಳೆಯುವಾಗಲೂ ಕತ್ತು ಹಿಂದಕ್ಕೆ ಚಾಚಿ, ಮುಖಕ್ಕೆ ಹನಿ ತಾಗದ ಹಾಗೆ ತೊಳೆಯುತ್ತಿದ್ದಳು. ಮದುವೆಯಾದ ಮೇಲೆ ಅತ್ತೆ ಕೃಷ್ಣೆಯಲ್ಲಿ ಮುಳುಗು ಹಾಕೆಂದಾಗ ಅವಳು ದಂಡೆಯಲ್ಲಿ ನಿಂತು ಅತ್ತಿದ್ದಳು. ಇದನ್ನು ಮನೆಯವರು ಅವಳ ಸ್ವಭಾವವೆಂದು ಒಪ್ಪಿಕೊಂಡರು. ಅವಳೂ ಒಪ್ಪಿಕೊಂಡಳು. ಭೀಮಸೇನನಿಗೆ ಧಾರವಾಡದ ವಿಮಾ ಕಚೇರಿಯಿಂದ ವಡೋದರಾಕ್ಕೆ ವರ್ಗವಾಗಿ, ನದಿಗೆ ಹತ್ತಿರದ ಒಂದು ಹೌಸಿಂಗ್ ಸೊಸೈಟಿಯಲ್ಲಿ ಮೊದಲನೇ ಮಹಡಿಯ ಮನೆ ಸಿಕ್ಕಾಗ ಅವಳು ಕೇಳಿದ್ದು ಒಂದೇ ಮಾತು: "ಕಿಟಕಿಯಿಂದ ಹೊಳಿ ಕಾಣಸ್ತದೇನು?" ಕಾಣುತ್ತಿರಲಿಲ್ಲ. ಮಳೆಗಾಲದಲ್ಲಿ ವಾಸನೆ ಮಾತ್ರ ಬರುತ್ತಿತ್ತು.

ಅವಳನ್ನು ಅಲುಗಿಸಿದ್ದು ಮಗಳು. ಮೇದಿನಿಯ ಶಾಲೆಯವರು ಬೇಸಿಗೆಯಲ್ಲಿ ಮಕ್ಕಳನ್ನೆಲ್ಲ ಈಜುಕೊಳಕ್ಕೆ ಕರೆದುಕೊಂಡು ಹೋದರು. ತಾಯಂದಿರೂ ಬಂದಿದ್ದರು. ಉಳಿದ ಹುಡುಗಿಯರು ಕಿರುಚುತ್ತ ಧುಮುಕಿದರೆ ಮೇದಿನಿ ಗೋಡೆಗೆ ಬೆನ್ನು ಹಚ್ಚಿ ನಿಂತುಬಿಟ್ಟಳು. ತುಟಿ ನೀಲಿಗಟ್ಟಿತ್ತು, ಮೈ ನಡುಗುತ್ತಿತ್ತು. ನೀರಿನ ಒಂದು ಹನಿಯೂ ಅವಳಿಗೆ ತಾಗಿರಲಿಲ್ಲ.

"ಅಮ್ಮಾ, ಮುಝೆ ಡರ್ ಆಗ್ತದ. ನೀರ್ ಒಳಗ ಕುಛ್ ಹೈ," ಎಂದಳು. ಕನ್ನಡ ಅವಳಿಗೆ ಹೀಗೇ ಅರ್ಧಂಬರ್ಧ ಬರುತ್ತಿತ್ತು.

ನೀರೊಳಗೆ ಏನೋ ಇದೆ. ಅಣ್ಣನ ಸಂಗತಿಯನ್ನು ಪದ್ಮಾವತಿ ಮಗಳಿಗೆ ಎಂದೂ ಹೇಳಿದವಳಲ್ಲ. ಆದರೂ ಅವಳು ಬಾಯಿಬಿಟ್ಟು ಆಡಲಾರದ ಮಾತು ಮಗಳ ಬಾಯಲ್ಲಿ ಬಂದಿತ್ತು. ಸೇತುವೆಯ ಮೇಲೆ ಮುಚ್ಚಿದ ಕಣ್ಣನ್ನು, ಬಚ್ಚಲಲ್ಲಿ ಹಿಂದಕ್ಕೆ ಚಾಚಿದ ಕತ್ತನ್ನು ಹುಡುಗಿ ವರ್ಷಗಟ್ಟಲೆ ನೋಡಿ ನೋಡಿ ಕಲಿತಿದ್ದಳು. 

ಮರುದಿನವೇ ಅವಳು ಪಾಲಿಕೆಯ ಈಜುಕೊಳಕ್ಕೆ ಹೋದಳು. ಬೆಳಿಗ್ಗೆ ಹೆಂಗಸರಿಗೆಂದೇ ಒಂದು ಬ್ಯಾಚು ಇತ್ತು. ಕಲಿಸುವವಳು ಚಂಪಾಬೆನ್ ಎಂಬ ಗಟ್ಟಿ ಮೈಯ ಗುಜರಾತಿ ಹೆಂಗಸು. ಪದ್ಮಾವತಿ ತನ್ನ ಹರಕು ಹಿಂದಿಯಲ್ಲಿ ಎಲ್ಲ ಹೇಳಿಕೊಂಡಳು. ಚಂಪಾಬೆನ್ ಸಮಾಧಾನವನ್ನೇನೂ ಹೇಳಲಿಲ್ಲ. ಕೊಳದ ಅಂಚನ್ನು ತೋರಿಸಿ, "ಬೇಸೋ," ಎಂದಳು. ಕೂತುಕೋ. ಪದ್ಮಾವತಿ ಕೂತಳು. ಕಾಲು ನೀರಿಗೆ ಬಿಡಲಾಗಲಿಲ್ಲ, ಮಡಚಿಕೊಂಡೇ ಕೂತಳು. ಬ್ಯಾಚು ಮುಗಿದ ಮೇಲೆ ಚಂಪಾಬೆನ್ ಬಂದು, "ಕಾಲೆ ಫರೀ ಆವ್ಜೋ," ಎಂದಳು. ನಾಳೆ ಮತ್ತೆ ಬಾ.

ಅದಕ್ಕಿಂತ ಮೊದಲು ಪದ್ಮಾವತಿ ಬಹಳಷ್ಟು ಸುರು ಮಾಡಿ ಬಿಟ್ಟವಳು. ಯೋಗದ ಚಾಪೆ ಅಟ್ಟ ಸೇರಿತ್ತು. ಗುಜರಾತಿ ಕಲಿಯುವ ತರಗತಿಗೆ ಹೋಗಿ ಹಬ್ಬದ ನೆವದಲ್ಲಿ ನಿಲ್ಲಿಸಿದ್ದಳು. ತನ್ನ ಮನಸ್ಸು ಬೆಳಿಗ್ಗೆ ಎದ್ದೊಡನೆ ಎಂಥ ವಕೀಲಿ ಮಾಡುತ್ತದೆಂದು ಅವಳಿಗೆ ಗೊತ್ತಿತ್ತು. ಆದ್ದರಿಂದ ಈ ಸಲ ಮನಸ್ಸಿಗೆ ಮಾತಾಡಲು ಬಿಡದೆ ಹೋಗಬೇಕೆಂದು ನಿಶ್ಚಯಿಸಿದಳು. ಬಟ್ಟೆಯ ಚೀಲವನ್ನು ಸಂಜೆಯೇ ಬಾಗಿಲ ಚಿಲಕಕ್ಕೆ ತೂಗುಹಾಕುವಳು. ಎದ್ದವಳು ಚಹಾಕ್ಕೆ ನೀರಿಡದೆ, ಅಡುಗೆಮನೆಯ ದೀಪ ಹಾಕದೆ, ಚೀಲ ತೆಗೆದುಕೊಂಡು ಇಳಿದುಬಿಡುವಳು. ಸೊಸೈಟಿಯ ಗೇಟು ದಾಟಿದ ಮೇಲೆ ಹಿಂದಿರುಗುವುದು ನಾಚಿಕೆಯ ಕೆಲಸ. ಅದೂ ಉಪಯೋಗಕ್ಕೆ ಬಂತು.

"ಈ ವಯಸ್ನಾಗ ಈಜು ಕಲತು ಸಮುದ್ರ ದಾಟ್ತಿ ಏನು?" ಎಂದು ಭೀಮಸೇನ ಕೇಳಿದ.

"ಬಕೀಟಿನ ನೀರು ದಾಟಿದ್ರ ಸಾಕಾಗೇದ ನನಗ," ಎಂದಳು.

ಅದು ನಿಜವೇ ಆಗಿತ್ತು. ಎಷ್ಟೋ ವಾರ ಅವಳು ಅಂಚಿನಲ್ಲಿ ಕೂತದ್ದೇ ಆಯಿತು. ಆಮೇಲೆ ಪಾದ, ಆಮೇಲೆ ಮೊಣಕಾಲು. ಸೊಂಟದ ತನಕ ಇಳಿದ ದಿನ ವಾಂತಿಯಾಯಿತು. ಮರುದಿನ ಚೀಲ ತೆಗೆದುಕೊಂಡು ಮತ್ತೆ ಹೋದಳು. ಮುಖ ಮುಳುಗಿಸುವುದನ್ನು ಕಲಿಯುವಷ್ಟರಲ್ಲಿ ಮಳೆಗಾಲ ಕಳೆದು ದೀಪಾವಳಿ ಬಂತು. "ಶ್ವಾಸ ಛೋಡೋ," ಎಂದು ಚಂಪಾಬೆನ್ ಅವಳ ಬೆನ್ನು ತಟ್ಟುತ್ತಿದ್ದಳು. ಹೆದರಿದವರು ಉಸಿರು ಹಿಡಿಯುತ್ತಾರೆ, ಹಿಡಿದಷ್ಟೂ ಕೈಕಾಲು ಬಡಿಯುತ್ತಾರೆ, ಮುಳುಗುವುದು ಅಲ್ಲಿಂದಲೇ. ಉಸಿರನ್ನು ನೀರೊಳಗೆ ನಿಧಾನ ಬಿಡುತ್ತಾ ಹೋಗು, ಮೈ ತಾನೇ ಸುಮ್ಮನಾಗುತ್ತದೆ. ಪದ್ಮಾವತಿ ಪ್ರತಿ ಬೆಳಿಗ್ಗೆ ಅದನ್ನೇ ಮಾಡಿದಳು. ಮುಖ ಒಳಗೆ, ಉಸಿರು ಹೊರಗೆ, ಗುಳುಗುಳು ಗುಳ್ಳೆಗಳು. ಪ್ರತಿ ಬೆಳಿಗ್ಗೆ ಆ ಗುಳ್ಳೆಗಳ ಆಚೆ ಅವಳಿಗೆ ಅಜಯನ ಕೈ ಕಾಣುತ್ತಿತ್ತು. ಅದನ್ನು ಓಡಿಸಲು ಅವಳು ಪ್ರಯತ್ನಿಸಲಿಲ್ಲ.

ಹೀಗೆ ಎರಡು ಮಳೆಗಾಲ ಕಳೆದವು. ಕೊಳದ ಈ ತುದಿಯಿಂದ ಆ ತುದಿಗೆ ಹೋಗುವಷ್ಟು ಈಜು ಬಂತು. ಅದರೊಡನೆ ಬೇರೆ ಏನೇನೋ ಬಂದವು. ಅಂಗಡಿಯವನೊಡನೆ ಗುಜರಾತಿಯಲ್ಲಿ ಜಗಳವಾಡುವಷ್ಟು ಧೈರ್ಯ ಬಂತು, ಸೊಸೈಟಿಯ ಸಭೆಯಲ್ಲಿ ಎದ್ದು ನಿಂತು ಮಾತಾಡಿದಳು, ಮನೆಗೆ ಕಾರು ಬಂದ ಮೇಲೆ ಗಂಡ ಬಿಟ್ಟಿದ್ದ ಸ್ಕೂಟರ್ ಓಡಿಸಲು ಕಲಿತಳು. ತಾಯಿಯ ಜೊತೆ ಬಂದು ಕೊಳದ ಬೆಂಚಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದ ಮೇದಿನಿ ಒಂದು ದಿನ ತಾನಾಗಿಯೇ ನೀರಿಗಿಳಿದಳು. ತಾಯಿಗೆ ವರ್ಷ ಹಿಡಿದದ್ದನ್ನು ಅವಳು ಒಂದೇ ರಜೆಯಲ್ಲಿ ಕಲಿತಳು.

ಭೀಮಸೇನ ಒಳ್ಳೆಯ ಮನುಷ್ಯ. ಆದರೆ ಯಾವ ಕೆಲಸವನ್ನೂ ಅದರ ಹೊತ್ತಿಗೆ ಮಾಡಿದವನಲ್ಲ. ಸಕ್ಕರೆ ಕಾಯಿಲೆಯ ಪರೀಕ್ಷೆ, ಸೋರುವ ನಲ್ಲಿ, ತಂಗಿಗೆ ಒಂದು ಫೋನು, ಎಲ್ಲಕ್ಕೂ ಅವನದು "ನೋಡೋಣಂತ". ಅದರಿಂದ ಈ ತನಕ ದೊಡ್ಡ ನಷ್ಟವೇನೂ ಆಗಿರಲಿಲ್ಲ. ಆದ್ದರಿಂದ ಅದು ದೋಷವೆಂದು ಯಾರಿಗೂ ಅನ್ನಿಸಿರಲಿಲ್ಲ.

ಆ ವರ್ಷ ಶ್ರಾವಣದ ಕೊನೆಯಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ಗೋಕುಲಾಷ್ಟಮಿಯ ಉಪವಾಸದ ದಿನ ಆಕಾಶ ಸಗಣಿ ಸಾರಿಸಿದ ನೆಲದ ಬಣ್ಣಕ್ಕೆ ತಿರುಗಿ ಹಾಗೇ ನಿಂತಿತು. ಮೇಲಿನ ಜಲಾಶಯ ತುಂಬಿದೆ, ನೀರು ಬಿಡುತ್ತಾರೆ ಎಂದು ಎಲ್ಲರ ಫೋನಿನಲ್ಲೂ ಸುದ್ದಿ. ಮರುದಿನ ಬೆಳಿಗ್ಗೆ ಪದ್ಮಾವತಿ ಚೀಲ ಹಿಡಿದು ಇಳಿದಾಗ ಗೇಟಿನ ಹತ್ತಿರ ಕಪ್ಪೆಗಳು ಗುಂಪುಗುಂಪಾಗಿ ಮೆಟ್ಟಿಲು ಹತ್ತುತ್ತಿದ್ದವು. ರಸ್ತೆಯ ಗಟಾರದಲ್ಲಿ ನೀರು ಹಿಂದಕ್ಕೆ ಹರಿಯುತ್ತಿತ್ತು. ನದಿಯತ್ತ ಹೋಗಬೇಕಾದ ನೀರು ನದಿಯಿಂದ ಬರುತ್ತಿತ್ತು. ನಿಂತು ನೋಡಿದಳು. ಅಂದು ಅವಳು ಈಜಿಗೆ ಹೋಗಲಿಲ್ಲ. ಮನೆಗೆ ಬಂದು ಗಂಡನನ್ನು ಎಬ್ಬಿಸಿದಳು.

"ಏನ್ರೀ, ಏಳ್ರಿ. ಎಲ್ಲಾರೂ ಗಾಡಿ ಒಯ್ದು ಫ್ಲೈಓವರ್ ಮ್ಯಾಲೆ ನಿಲ್ಲಸ್ಲಿಕತ್ತಾರ. ನಮ್ಮದೂ ಒಯ್ರಿ."

"ಮಳಿ ನಿಲ್ಲಲಿ, ನೋಡೋಣಂತ. ಹ್ವಾದ ವರ್ಷ ಇಷ್ಟೇ ಬಂದು ಇಳೀಲಿಲ್ಲೇನು?"

"ಗಟಾರ ಉಲ್ಟಾ ಹರೀಲಿಕತ್ತೇದ."

"ಯಾಕ ಗಡಬಡ ಮಾಡ್ತಿ ಪದ್ಮಾ? ಸಂಜಿತನಕ ಇಳೀತದ ತಗೋ."

ಕಾರು ಓಡಿಸಲು ಅವಳಿಗೆ ಬರುತ್ತಿರಲಿಲ್ಲ. ಭೀಮಸೇನ ಸ್ನಾನ ಮುಗಿಸಿ, ಪೂಜೆ ಮುಗಿಸಿ ಕಿಟಕಿಗೆ ಬರುವಷ್ಟರಲ್ಲಿ ನೀರು ಕೆಳಗಿನ ಪಾರ್ಕಿಂಗ್ ಒಳಗೆ ಬಂದಿತ್ತು. ಮೊದಲು ಚಕ್ರ ಮುಳುಗಿದವು. ಆಮೇಲೆ ಕರೆಂಟು ಹೋಯಿತು. ನೀರು ಏರುವುದಕ್ಕೆ ಶಬ್ದವೇ ಇರಲಿಲ್ಲ. ಕಂಬದ ಮೇಲಿನ ಬಣ್ಣದ ಪಟ್ಟಿ ಇತ್ತು, ಮತ್ತೊಮ್ಮೆ ನೋಡಿದರೆ ಇರಲಿಲ್ಲ. ಚಪ್ಪಲಿ, ಹಾಲಿನ ಕ್ರೇಟು, ಯಾರದೋ ಮನೆಯ ತುಳಸಿ ಕುಂಡ ತೇಲಿಹೋದವು. ಒಂದು ಸತ್ತ ಕರು ಗೇಟಿಗೆ ಬಂದು ತಾಗಿ, ತಿರುಗಿ, ತನ್ನ ದಾರಿ ಹಿಡಿಯಿತು. ಮೇದಿನಿ ಕಿಟಕಿ ಬಿಟ್ಟು ಕದಲಲಿಲ್ಲ.

ಮಧ್ಯಾಹ್ನ ಕೆಳಗಿನಿಂದ ಹಾರನ್ ಕೂಗತೊಡಗಿತು. ಯಾರೂ ಒತ್ತಿರಲಿಲ್ಲ, ನೀರು ಹೊಕ್ಕು ಕಾರು ತಾನೇ ಕೂಗುತ್ತಿತ್ತು, ಗಂಟಲು ಹಿಸುಕಿದ ದನದ ಹಾಗೆ. ಕೂಗಿ ಕೂಗಿ ಸಣ್ಣಗಾಗಿ ನಿಂತಿತು. ಜೊತೆಗೇ ಧಡ್, ಧಡ್ ಎಂದು ಇನ್ನೊಂದು ಸದ್ದು. ಕಾರು ತೇಲಲು ಹತ್ತಿ ಕಂಬಕ್ಕೆ ಬಡಿಯುತ್ತಿತ್ತು.

"ಹಗ್ಗ ಕೊಡು. ಕಂಬಕ್ಕ ಕಟ್ಟಿ ಬರ್ತೇನಿ," ಎಂದು ಭೀಮಸೇನ ಎದ್ದ. ಈಗ ಅವನಿಗೆ ಎಲ್ಲಿಲ್ಲದ ಅವಸರ.

"ಹೋಗಬ್ಯಾಡ್ರಿ. ಹೋದ್ರ ಗಾಡಿ ಹೋಗ್ಲಿ."

ಅವನು ಕೇಳಲಿಲ್ಲ. ಅವಳು ಮೆಟ್ಟಿಲವರೆಗೆ ಹಿಂದೆಯೇ ಬಂದಳು. ನೀರು ಅವನ ಎದೆಯ ತನಕ ಬರುತ್ತಿತ್ತು. ಒಂದು ಕೈಯಲ್ಲಿ ಹಗ್ಗ ಎತ್ತಿ ಹಿಡಿದು ಅವನು ಕಾರಿನತ್ತ ನಡೆದ. ಗೇಟಿನ ಪಕ್ಕದಲ್ಲಿ ಮಳೆನೀರಿನ ಚರಂಡಿಗೆ ಒಂದು ಕಬ್ಬಿಣದ ಜಾಲರಿ ಇತ್ತು; ಅದು ಅಲುಗಿ ಓರೆಯಾಗಿದ್ದು ನೀರ ಕೆಳಗೆ ಯಾರಿಗೆ ಕಾಣಬೇಕು? ಭೀಮಸೇನ ಇದ್ದಕ್ಕಿದ್ದಂತೆ ಕುಸಿದ. ಗದ್ದದ ತನಕ ನೀರು. "ಕಾಲು! ಕಾಲು ಸಿಕ್ಕೊಂಡದ!" ಎಂದು ಚೀರಿದ. ಎರಡೂ ಕೈಯಿಂದ ನೀರು ಬಡಿಯತೊಡಗಿದ. ಬಡಿದಷ್ಟೂ ಬಾಯಿಗೆ ನೀರು ನುಗ್ಗಿತು.

ಆಗ ಮೂರನೇ ಮಹಡಿಯಿಂದ ಶ್ವೇತಾ ಎಂಬ ನೆರೆಯ ಹುಡುಗಿ ಕಿರುಚಿದಳು. "ಮಗರ್! ಆಂಟಿ, ಮಗರ್!" ಮೊಸಳೆ.

ಪದ್ಮಾವತಿ ಅವಳ ಬೆರಳು ತೋರಿದತ್ತ ನೋಡಿದಳು. ಕಂಪೌಂಡ್ ಗೋಡೆಯ ಮೇಲೆ, ಬೋಗನ್‌ವಿಲ್ಲಾ ಬಳ್ಳಿಯ ನಡುವೆ, ತೇಲಿಬಂದ ಮರದ ದಿಮ್ಮಿಯೆಂದು ಅವಳು ಇಷ್ಟು ಹೊತ್ತು ತಿಳಿದಿದ್ದ ವಸ್ತು ನಿಧಾನವಾಗಿ ಅಲುಗಿತು. ಅವಸರವಿಲ್ಲದೆ ತಲೆ ಕೆಳಗೆ ಮಾಡಿ ಸೊಸೈಟಿಯ ಒಳಮಗ್ಗುಲಿಗೆ ಜಾರಿತು. ನೀರಿನ ಮೇಲೆ ಒಂದೆರಡು ಅಲೆ ಎದ್ದು ಆರಿಹೋದವು.

ಮೇಲಿನವರೆಲ್ಲ ಒಟ್ಟಿಗೆ ಕೂಗುತ್ತಿದ್ದರು. ಯಾರೋ ಕುರ್ಚಿ ಎಸೆದರು.  ಪದ್ಮಾವತಿ ಕೊನೆಯ ಒಣ ಮೆಟ್ಟಿಲ ಮೇಲೆ ನಿಂತಿದ್ದಳು. ಹಿಂದೆ ಮೇದಿನಿ ಅವಳ ಸೆರಗು ಹಿಡಿದಿದ್ದಳು.

ಮಗಳ ಬೆರಳುಗಳನ್ನು ಬಿಡಿಸಿದಳು. ಸೆರಗು ಸೊಂಟಕ್ಕೆ ಬಿಗಿದಳು. ಕೊಳಕ್ಕೆ ಇಳಿಯುವಾಗ ಮಾಡುವಂತೆ ಮೊದಲು ಉಸಿರನ್ನು ಪೂರ್ತಿ ಹೊರಗೆ ಬಿಟ್ಟಳು, ಇಳಿದಳು. ನೀರು ಬೆಚ್ಚಗಿತ್ತು, ಎಣ್ಣೆಯ ಹಾಗೆ ದಪ್ಪಗಿತ್ತು. ಕಾಲ ಕೆಳಗೆ ಏನಿದೆಯೋ, ಪಕ್ಕದಲ್ಲಿ ಏನಿದೆಯೋ ತಿಳಿಯುತ್ತಿರಲಿಲ್ಲ. ಅವಳು ಕೈ ಬಡಿಯದೆ, ಅಲೆ ಏಳಿಸದೆ, ಗೋಡೆಗೆ ಮೈ ಸವರಿಕೊಂಡು ಹೋದಳು.

"ಪದ್ಮಾ... ಪದ್ಮಾ..."

"ಕೈ ಬಡೀಬ್ಯಾಡ್ರಿ. ನನ್ನ ಕಡೆ ನೋಡ್ರಿ. ಉಸುರು ಬಿಡ್ರಿ. ಸಾವಕಾಶ ಬಿಡ್ರಿ."

"ಅದು ಬಂತೇನು? ಎಲ್ಲೇ ಅದ?"

"ನನ್ನ ಹೆಗಲ ಹಿಡಕೋರಿ. ಬಿಗಿಯಾಗಿ ಹಿಡೀಬ್ಯಾಡ್ರಿ. ನಾ ಕೆಳಗ ಹೋಗ್ತೇನಿ, ಬರ್ತೇನಿ. ಅಲುಗಬ್ಯಾಡ್ರಿ."

ಆ ನೀರಿನಲ್ಲಿ ಮುಖ ಮುಳುಗಿಸಿದಳು. ಕಣ್ಣು ತೆರೆದರೂ ಕಪ್ಪು, ಮುಚ್ಚಿದರೂ ಕಪ್ಪು. ಉಸಿರನ್ನು ಎಳೆ ಎಳೆಯಾಗಿ ಬಿಡುತ್ತ ಅವನ ಕಾಲನ್ನು ತಡವಿ ಇಳಿದಳು. ಕಬ್ಬಿಣದ ಸರಳುಗಳ ನಡುವೆ ಪಾದ ಸಿಕ್ಕಿತ್ತು; ಪಾದ ಬರದಂತೆ ತಡೆದಿದ್ದದ್ದು ಸ್ಯಾಂಡಲ್. ಬಕ್ಕಲ್ ಕೈಗೆ ಸಿಕ್ಕಿ ಜಾರಿತು. ಮೇಲೆ ಬಂದು ಉಸಿರೆಳೆದು ಮತ್ತೆ ಹೋದಳು. ಈ ಸಲ ಏನೋ ಒರಟಾದದ್ದು ಅವಳ ಮೀನಖಂಡವನ್ನು ಸವರಿ ಹೋಯಿತು. ಹಗ್ಗವಿರಬಹುದು. ಬೋಗನ್‌ವಿಲ್ಲಾದ ಕೊಂಬೆಯಿರಬಹುದು. ಅವಳ ಮೈ ಪೂರ್ತಿ ಮೇಲಕ್ಕೆ ಚಿಮ್ಮಬೇಕೆಂದಿತು. ಗುಳ್ಳೆಗಳನ್ನು ಬಿಡುತ್ತಲೇ ಅವಳು ಬಕ್ಕಲ್ ಬಿಚ್ಚಿದಳು.

ಪಾದ ಹೊರಬಂತು. ಚರ್ಮ ಸುಲಿದು ಬಂತು. ಅವನನ್ನು ಗೋಡೆಗುಂಟ ಮೆಟ್ಟಿಲಿಗೆ ಕರೆತರುವ ಆ ಸ್ವಲ್ಪ ದಾರಿ ಎಷ್ಟು ಹೊತ್ತು ಹಿಡಿಯಿತೋ. ಪೂರ್ತಿ ಸೊಸೈಟಿ ಉಸಿರು ಹಿಡಿದು ನೋಡುತ್ತಿತ್ತು.

ನೀರು ಇಳಿಯಲು ಬಹಳ ಸಮಯ ಹಿಡಿಯಿತು. ಪೂರ್ತಿ ಇಳಿದ ಮೇಲೆ, ಪ್ರಾಣಿ ಹಿಡಿಯುವ ಸ್ವಯಂಸೇವಕ ಹುಡುಗರು ಹಗ್ಗ, ಗೋಣಿಚೀಲ ತಂದು ಪಾರ್ಕಿಂಗಿನಲ್ಲಿ ಹುಡುಕಿದರು. ಮೊಸಳೆ ಎಲ್ಲಿಗೂ ಹೋಗಿರಲಿಲ್ಲ. ಭೀಮಸೇನನ ಕಾರಿನ ಕೆಳಗೆ ಕೆಸರಿನಲ್ಲಿ ಹೊಟ್ಟೆಯೂರಿ ಮಲಗಿತ್ತು. ಹೊರಗೆಳೆದಾಗ ಅದು ಆಳುದ್ದಕ್ಕಿಂತ ಜಾಸ್ತಿಯೇ ಇತ್ತು. ಜರ‍್ರನೆ ಬಾಲ ಬೀಸಿದಾಗ ನೆರೆಹೊರೆಯವರು ಚಪ್ಪಾಳೆ ತಟ್ಟಿ ನಕ್ಕರು. ಬಾಲ್ಕನಿಯಲ್ಲಿ ನಿಂತಿದ್ದ ಭೀಮಸೇನ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಎಲ್ಲರೂ ಪದ್ಮಾವತಿಯನ್ನು ಹೊಗಳಿದರು. ಸೊಸೈಟಿಯವರು ಶಾಲು ಹೊದಿಸಿದರು. ಆದರೆ ಮನೆಯೊಳಗೆ ಬೇರೆಯೇ ನಡೆದಿತ್ತು. ಭೀಮಸೇನನ ಕಾಲಿನ ಗಾಯ ಮಾಯಿತು, ಅವನು ಮಾತ್ರ ಮೊದಲಿನಂತೆ ಆಗಲಿಲ್ಲ. ಪಾರ್ಕಿಂಗಿಗೆ ಇಳಿಯಲು ಒಲ್ಲೆನೆಂದ. ಆಫೀಸಿಗೆ ಹೋಗಲು ರಿಕ್ಷಾವನ್ನು ಮೆಟ್ಟಿಲಿಗೇ ಕರೆಸಿಕೊಳ್ಳುತ್ತಿದ್ದ. ಬಚ್ಚಲಿನ ನೀರು ಮೋರಿಯಲ್ಲಿ ಕಟ್ಟಿ ಪಾದ ಮುಳುಗಿದರೆ ಚೀರುತ್ತಿದ್ದ. ನಗುವುದು ನಿಂತಿತು. ಮೇದಿನಿಯೂ ಈಜಿನ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. "ಮೈನೆ ಬೋಲಾ ಥಾ ನಾ," ಎಂದಳೊಮ್ಮೆ ಹಿಂದಿಯಲ್ಲೇ. ನಾನು ಹೇಳಿರಲಿಲ್ಲವೇ, ನೀರೊಳಗೆ ಇದೆ ಎಂದು.

ಅದು ಸುಳ್ಳೂ ಅಲ್ಲ. ಇತ್ತಲ್ಲ.

ಈಜುಕೊಳದಲ್ಲಿ ಪ್ರವಾಹದ ಕೆಸರು ಮೊಣಕಾಲುದ್ದ ತುಂಬಿ ಗೇಟಿಗೆ ಬೀಗ ಬಿದ್ದಿತ್ತು. ಬೆಳಿಗ್ಗೆ ಅದೇ ಹೊತ್ತಿಗೆ ಅವಳ ಕಾಲು ಅವಳನ್ನು ಅಲ್ಲಿಗೆ ಒಯ್ದವು. ಚಂಪಾಬೆನ್ ಸೀರೆ ಎತ್ತಿಕಟ್ಟಿ ಸಲಿಕೆ ಹಿಡಿದು ಒಬ್ಬಳೇ ನಿಂತಿದ್ದಳು. ಪದ್ಮಾವತಿ ಬುಟ್ಟಿ ತೆಗೆದುಕೊಂಡಳು. ಬ್ಯಾಚಿನ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಪಾಲಿಕೆಯ ಪಂಪು ಬರುವ ತನಕ ಈಜಿನ ಹೊತ್ತು ಕೆಸರು ಹೊರುವ ಹೊತ್ತಾಯಿತು. ಕೆಸರಿನಲ್ಲಿ ಕೈ ಹಾಕುವಾಗ ಎಲ್ಲರೂ ಒಂದು ಗಳಿಗೆ ತಡೆಯುತ್ತಿದ್ದರು, ಕೋಲಿನಿಂದ ಚುಚ್ಚಿ ನೋಡಿ ಆಮೇಲೆ ಹಾಕುತ್ತಿದ್ದರು. ಯಾರೂ ಯಾರನ್ನೂ ತಮಾಷೆ ಮಾಡಲಿಲ್ಲ.

ಕೊಳ ತುಂಬಿದ ದಿನ ಪದ್ಮಾವತಿ ಮೊದಲು ಇಳಿದಳು. ತಳದ ನೀಲಿ ಹಂಚು ಸ್ವಚ್ಛ ಕಾಣುತ್ತಿತ್ತು. ಆದರೂ ನಡುಕೊಳದಲ್ಲಿ ಅವಳ ಮೀನಖಂಡದ ಮೇಲೆ ಆ ಒರಟು ಸ್ಪರ್ಶ ಮತ್ತೆ ಹರಿದುಹೋಯಿತು. ಅವಳು ಅತ್ತಳು, ನೀರೊಳಗೇ. ಆ ದಡ ಮುಟ್ಟಿ ತಿರುಗಿ ಬಂದಳು. ಆಮೇಲಿನ ದಿನಗಳಲ್ಲೂ ಆ ಸ್ಪರ್ಶ ಬರುತ್ತಲೇ ಇತ್ತು. ಅವಳೂ ಹೋಗುತ್ತಲೇ ಇದ್ದಳು.

ಮನೆಯವರಿಗೆ ಅವಳು ಧೈರ್ಯ ಹೇಳಲು ಹೋಗಲಿಲ್ಲ. ಮಾತಿನಿಂದ ಆಗುವ ಕೆಲಸ ಅದಲ್ಲವೆಂದು ಅವಳಿಗೆ ತಿಳಿದಿತ್ತು. ಭಾನುವಾರ ಕುಟುಂಬದವರಿಗೆಂದು ಒಂದು ಬ್ಯಾಚು ಇರುತ್ತಿತ್ತು. ಸಂಕ್ರಾಂತಿಯ ಗಾಳಿಪಟಗಳು ಇನ್ನೂ ತಂತಿಗಳಲ್ಲಿ ಸಿಕ್ಕಿಕೊಂಡಿದ್ದಾಗ, "ನನ್ನ ಚೀಲ ಹಿಡಕೊಂಡು ಬರ್ರಿ ಸಾಕು," ಎಂದು ಗಂಡನಿಗೆ ಹೇಳಿದಳು. ಅವನು ಗೇಟಿನವರೆಗೆ ಬಂದು ಹಿಂದಿರುಗಿದ. ಮುಂದಿನ ವಾರವೂ ಹಾಗೇ. ಹೋಳಿ ಕಳೆದ ಮೇಲೆ ಒಳಗೆ ಬಂದು ದೂರದ ಬೆಂಚಿನ ಮೇಲೆ ಕೂತ. ಮೇದಿನಿ ಅವನ ಪಕ್ಕದಲ್ಲಿ, ಕಿವಿಗೆ ಹಾಡು ಸಿಕ್ಕಿಸಿಕೊಂಡು, ಕೊಳಕ್ಕೆ ಬೆನ್ನು ಹಾಕಿ. ಪ್ರತಿ ವಾರವೂ ಬರುತ್ತಿದ್ದರು, ಅಷ್ಟೇ. ಬೇಸಿಗೆಯ ಹೊತ್ತಿಗೆ ಇಬ್ಬರೂ ಕೊಳದ ಅಂಚಿಗೆ ಬಂದು ಕಾಲು ಮಡಚಿ ಕೂರುವಂತಾದರು.

ಜೂನ್ ತಿಂಗಳ ಒಂದು ಭಾನುವಾರ. ಪಶ್ಚಿಮದಲ್ಲಿ ಮೋಡ ಕಪ್ಪಾಗಿ ಕಟ್ಟಿತ್ತು, ಗಾಳಿ ನಿಂತಿತ್ತು. ಆ ವರ್ಷವೂ ಮಳೆ ಜೋರೆಂದು ಹವಾಮಾನದವರು ಹೇಳಿದ್ದರು. ನದಿಯ ಹೂಳು ತೆಗೆದಿದ್ದಾರೆಂದು ಕೆಲವರು, ಇಲ್ಲವೆಂದು ಕೆಲವರು. ದೂರದಲ್ಲಿ ಗುಡುಗಿದಾಗ ಭೀಮಸೇನ ಕುತ್ತಿಗೆಯನ್ನು ಹೆಗಲೊಳಗೆ ಎಳೆದುಕೊಂಡ.

"ಮನಿಗೆ ಹೋಗೂಣ?" ಎಂದ.

"ಒಂದು ಸುತ್ತು ಹೋಗಿ ಬರ್ತೇನಿ. ಕೂಡ್ರಿ," ಎಂದಳು ಪದ್ಮಾವತಿ.

ಅವಳು ಉಸಿರು ಬಿಟ್ಟು ಇಳಿದಳು. ಆಚೆ ತುದಿ ಮುಟ್ಟಿ ತಿರುಗಿ, ಕಣ್ಣಿನ ನೀರು ಒರೆಸಿಕೊಂಡು ನೋಡಿದಾಗ ಮೋಡದ ನೆರಳು ಕೊಳದ ಅರ್ಧಕ್ಕೆ ಬಂದಿತ್ತು. ಮೇದಿನಿ ಅಪ್ಪನ ತೋಳು ಹಿಡಿದಿದ್ದಳು. ಭೀಮಸೇನ ಗಾಯದ ಕಲೆಯಿದ್ದ ಕಾಲನ್ನು ಇನ್ನೂ ಮಡಚಿಕೊಂಡೇ ಇದ್ದ; ಇನ್ನೊಂದು ಕಾಲು ಮೊಣಕಾಲಿನ ತನಕ ನೀರಿನಲ್ಲಿತ್ತು.